ಫ್ಲ್ಯಾಶ್‌ಗೆ ಸೆಲ್ ಕೊಳ್ಳುವಾಗ ಎಂಎಎಚ್ ಒಂದೇ ನೋಡಬೇಡಿ

ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಫ್ಲ್ಯಾಶ್ ಹೊಡೆಯದಿದ್ದರೆ ಆ ಫೋಟೊ ಮತ್ತೆ ಸಿಗುವುದಿಲ್ಲ. ಇಂಥ ಹೊತ್ತಲ್ಲಿ ಬೈಸಿಕೊಳ್ಳುವುದು ಫ್ಲ್ಯಾಶ್. ಕೈಕೊಟ್ಟಿರುವುದು ಹೆಚ್ಚಾಗಿ ಒಳಗಿನ ನಾಲ್ಕು ಪೆನ್ಸಿಲ್ (ಎಎ) ಸೆಲ್‌ಗಳಲ್ಲಿ ಒಂದು.

ಫ್ಲ್ಯಾಶ್ ಸೆಲ್‌ನಿಂದ ಏನು ಕೇಳುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಒಂದು ಸಲ ಮಿಂಚಿದ ಮೇಲೆ ಒಳಗಿನ ಕೆಪಾಸಿಟರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಭಾಗ) ಮತ್ತೆ 300 ವೋಲ್ಟ್ ಆಸುಪಾಸು ತುಂಬಿಕೊಳ್ಳಬೇಕು. ಅದಕ್ಕಾಗಿ ಸೆಲ್‌ಗಳು ಎರಡು ಮೂರು ಸೆಕೆಂಡು ಒಂದೇ ಸಮನೆ ಹಲವು ಆಂಪಿಯರ್ ಕರೆಂಟ್ ಕೊಡಬೇಕಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ ಮೇಲೆ 1.5 ವೋಲ್ಟ್ ಎಂದು ಬರೆದಿರುತ್ತದೆ, ನಾಲ್ಕು ಸೇರಿದರೆ 6 ವೋಲ್ಟ್. ಆದರೆ ಅದರ ಒಳರೋಧ, ಅಂದರೆ ಕರೆಂಟ್ ಹರಿಯಲು ಒಳಗೇ ಇರುವ ತಡೆ, ಹೆಚ್ಚು. ಇಷ್ಟು ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್‌ನದು, ನಾಲ್ಕು ಸೇರಿ 4.8 ಮಾತ್ರ, ಆದರೂ ಫ್ಲ್ಯಾಶ್ ಬೇಗ ರೆಡಿಯಾಗುತ್ತದೆ. ಆಲ್ಕಲೈನ್ ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಇರಲಿ.

ಈ ನಿಕಲ್ ಮೆಟಲ್ ಹೈಡ್ರೈಡ್‌ನಲ್ಲೂ ಎರಡು ಜಾತಿ. ಹಳೆಯ ಬಗೆಯದು ಸುಮ್ಮನೆ ಇಟ್ಟರೂ ತಿಂಗಳೊಳಗೆ ಕಾಲುಭಾಗದಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಎರಡನೆಯದು ಚಾರ್ಜ್ ಹಿಡಿದಿಟ್ಟುಕೊಳ್ಳುವ ಜಾತಿ. 2005ರಲ್ಲಿ ಸ್ಯಾನ್ಯೊ ತಂದ ಎನೆಲೂಪ್‌ನಿಂದ ಇದು ಹೆಸರಾಯಿತು, ಈಗ ಆ ಹೆಸರು ಪ್ಯಾನಾಸೋನಿಕ್ ಕೈಯಲ್ಲಿದೆ. ಪ್ಯಾಕೆಟ್ ಮೇಲೆ 'ರೆಡಿ ಟು ಯೂಸ್' ಅಥವಾ 'ಪ್ರಿ-ಚಾರ್ಜ್ಡ್' ಎಂದಿದ್ದರೆ ಸಾಮಾನ್ಯವಾಗಿ ಈ ಜಾತಿಯದೇ. ಫ್ಲ್ಯಾಶ್‌ಗೆ ಇದನ್ನೇ ಕೊಳ್ಳಿ.

ಇನ್ನು ಎಂಎಎಚ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆಯ ಲೆಕ್ಕ. ಬಿಳಿ ಎನೆಲೂಪ್ ಕನಿಷ್ಠ 1900, ಕಪ್ಪು ಬಣ್ಣದ ಪ್ರೊ ಕನಿಷ್ಠ 2500. ಪ್ರೊ ದೊಡ್ಡದು ಅನ್ನಿಸುತ್ತದೆ. ಆದರೆ ಕಂಪನಿಯೇ ಹೇಳುವಂತೆ ಬಿಳಿಯದು 2100 ಸಲ ಚಾರ್ಜ್ ತಡೆದರೆ ಪ್ರೊ ತಡೆಯುವುದು 500 ಸಲ. ವಾರಕ್ಕೆ ಮೂರು ನಾಲ್ಕು ಫಂಕ್ಷನ್ ಹೊಡೆಯುವವರಿಗೆ ಬಿಳಿಯದೇ ಲಾಭ. ಕಲಬುರಗಿಯ ಶರಣಬಸವೇಶ್ವರ ರಥೋತ್ಸವದ ನೂಕುನುಗ್ಗಲಿನಲ್ಲಿ ನಿಂತು ಸೆಲ್ ಬದಲಿಸಲು ಕೈಯೇ ಆಡದಂಥ ಕೆಲಸಕ್ಕೆ ಮಾತ್ರ ಪ್ರೊ ಸೆಟ್ ಒಂದಿರಲಿ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಾಗಲಿ ಹೈದರಾಬಾದಿನ ಕೋಠಿಯಲ್ಲಾಗಲಿ ಅಂಗಡಿಯವರು "3600 ಅದಾವ್ರೀ ಸರ್, ಒಯ್ರಿ" ಅಂದರೆ ಸುಮ್ಮನೆ ಮುಂದೆ ನಡೆಯಿರಿ. ಈ ಗಾತ್ರದ ಸೆಲ್‌ನಲ್ಲಿ 2800ರ ಮೇಲೆ ಬರೆದದ್ದೆಲ್ಲ ಬರೀ ಬರಹ. ಅನುಮಾನ ಬಂದರೆ ತೂಕ ಹಾಕಿಸಿ: ಬಿಳಿ ಎನೆಲೂಪ್ ಸುಮಾರು 26–27 ಗ್ರಾಂ, ಪ್ರೊ ಸುಮಾರು 30. ಹದಿನೈದು, ಹದಿನೆಂಟು ಗ್ರಾಂ ಬಂದರೆ ಒಳಗೆ ಅರ್ಧ ಮಾಲೂ ಇಲ್ಲ ಎಂದೇ ಅರ್ಥ.

ಕೆಲವು ಕಂಪನಿಗಳ ದೊಡ್ಡ ಕೆಪಾಸಿಟಿ ಸೆಲ್ ಕೂದಲೆಳೆಯಷ್ಟು ಹೆಚ್ಚು ದಪ್ಪ ಇರುತ್ತವೆ. ಈ ಗಾತ್ರಕ್ಕೆ ನಿಗದಿಯಾದ ಅಳತೆ 14.5 ಮಿ.ಮೀ. ವ್ಯಾಸ, 50.5 ಮಿ.ಮೀ. ಉದ್ದ. ಹಾಕುವಾಗಲೇ ಬಿಗಿಯಾಗಿ ಹೋದರೆ, ಕೆಲಸದ ನಡುವೆ ಬಿಸಿಯಾದಾಗ ಹೊರಗೆ ಬರುವುದು ಕಷ್ಟ. ಮೇಲಿನ ಪ್ಲಾಸ್ಟಿಕ್ ಸುಲಿದು ಹಾಕುವ ಉಪಾಯ ಬೇಡ, ಶಾರ್ಟ್ ಆಗುತ್ತದೆ.

ಫ್ಲ್ಯಾಶ್‌ನಲ್ಲಿ ಹಾಕಬಾರದವೂ ಇವೆ. 14500 ಎಂಬ ಲಿಥಿಯಂ ಸೆಲ್ ನೋಡಲು ಪೆನ್ಸಿಲ್ ಸೆಲ್‌ನಂತೆಯೇ ಇರುತ್ತದೆ, ಒಂದೊಂದು 3.7 ವೋಲ್ಟ್. ನಾಲ್ಕು ಹಾಕಿದರೆ 14.8 ವೋಲ್ಟ್, ಫ್ಲ್ಯಾಶ್ ಅಲ್ಲಿಗೆ ಮುಗಿಯಿತು. ಯುಎಸ್‌ಬಿ ವೈರ್ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟ್ ಲಿಥಿಯಂ ಸೆಲ್ ಅಷ್ಟು ಅಪಾಯದ್ದಲ್ಲ, ಆದರೆ ಅದರೊಳಗಿನ ಸಣ್ಣ ಸರ್ಕ್ಯೂಟ್ ಕೊಡುವ ಕರೆಂಟಿಗೆ ಮಿತಿ ಇದೆ. ಫ್ಲ್ಯಾಶ್ ಜೋರಾಗಿ ಎಳೆದಾಗ ಕಟ್ ಆಗಿಬಿಡಬಹುದು. ನಿಕಲ್-ಜಿಂಕ್ ಸೆಲ್ ಚಾರ್ಜರ್‌ನಿಂದ ತೆಗೆದಾಗ 1.8 ವೋಲ್ಟ್‌ಗೂ ಮೇಲಿರುತ್ತದೆ. ಅದರಲ್ಲಿ ಫ್ಲ್ಯಾಶ್ ಬಹಳ ಬೇಗ ರೆಡಿಯಾಗುತ್ತದೆ, ಅಷ್ಟೇ ಬೇಗ ಬಿಸಿಯಾಗುತ್ತದೆ.

ಎಷ್ಟು ಸೆಟ್ ಬೇಕು? ಗೊಡಾಕ್ಸ್ ಟಿಟಿ600 ಎಂಬ ಫ್ಲ್ಯಾಶಿಗೆ 2500ರ ಸೆಲ್ ಹಾಕಿದರೆ ಫುಲ್ ಪವರ್‌ನಲ್ಲಿ ಸುಮಾರು 230 ಸಲ ಎಂದು ಕಂಪನಿ ಹೇಳುತ್ತದೆ. 2000ದ ಸೆಲ್‌ಗೆ 180 ಎಂದು ಹಿಡಿಯಿರಿ. 1/4 ಪವರ್‌ನಲ್ಲಿ ಇದರ ಸುಮಾರು ನಾಲ್ಕು ಪಟ್ಟು ಬರುತ್ತದೆ. ಮದುವೆಯ ಸುರಿಗಿ ಶಾಸ್ತ್ರದಿಂದ ಆರತಕ್ಷತೆವರೆಗೆ 1200 ಫೋಟೊ, ಸರಾಸರಿ 1/4 ಪವರ್ ಅಂದರೆ 300 ಫುಲ್ ಪವರ್‌ಗೆ ಸಮ. ಎರಡು ಸೆಟ್ ಸಾಕು, ಮೂರನೆಯದು ಜೇಬಿನಲ್ಲಿ. ಒಂದು ಫ್ಲ್ಯಾಶ್‌ಗೆ ಹನ್ನೆರಡು ಸೆಲ್, ಫ್ಲ್ಯಾಶನ್ನು ದೂರದಿಂದ ಹೊಡೆಸುವ ಟ್ರಿಗರ್‌ಗೆ ಎರಡು ಬೇರೆ. ಬೀದರಿನಲ್ಲಿ ಬಿದ್ರಿ ಸಾಮಾನು ಟೇಬಲ್ ಮೇಲಿಟ್ಟು 1/16ರಲ್ಲಿ ತೆಗೆಯುವವರಿಗೆ ಒಂದು ಸೆಟ್‌ನಲ್ಲೇ ದಿನ ಕಳೆಯುತ್ತದೆ.

ಚಾರ್ಜರ್ ಮತ್ತು ಬಿಸಿಲು

ಒಳ್ಳೆಯ ಸೆಲ್ ತಂದು ಇನ್ನೂರು ರೂಪಾಯಿ ಚಾರ್ಜರ್‌ಗೆ ಹಾಕಿದರೆ ಹಣ ನೀರಿಗೆ ಹೋದಂತೆ. ಅಗ್ಗದವು ಎರಡೆರಡು ಸೆಲ್ ಜೋಡಿ ಮಾಡಿ, ಟೈಮರ್ ನೋಡಿಕೊಂಡು ತುಂಬುತ್ತವೆ. ಜೋಡಿಯಲ್ಲಿ ಒಂದು ಮೊದಲೇ ತುಂಬಿದ್ದರೂ ಬಿಡುವುದಿಲ್ಲ. ನಡುವೆ ಕರೆಂಟ್ ಹೋಗಿ ಬಂದರೆ ಟೈಮರ್ ಮತ್ತೆ ಸೊನ್ನೆಯಿಂದ ಶುರು. ತುಂಬಿದ ಸೆಲ್ ಮತ್ತೆ ಗಂಟೆಗಟ್ಟಲೆ ಬಿಸಿಯಾಗುತ್ತಲೇ ಇರುತ್ತದೆ. ಎರಡು ಮೂರು ಸಲ ಕರೆಂಟ್ ಹೋಗುವ ರಾತ್ರಿಗಳಲ್ಲಿ ಸೆಲ್ ಸಾಯುವುದು ಹೀಗೇ. ಪ್ರತಿ ಸೆಲ್‌ಗೂ ಬೇರೆ ಲೈಟ್ ಅಥವಾ ಬೇರೆ ಅಂಕಿ ತೋರಿಸುವ, ತುಂಬಿದ್ದನ್ನು ವೋಲ್ಟೇಜ್ ನೋಡಿ ತಾನೇ ನಿಲ್ಲಿಸುವ ಸ್ಮಾರ್ಟ್ ಚಾರ್ಜರ್ ಕೊಳ್ಳಿ.

ಕರೆಂಟ್ 500ರಿಂದ 1000 ಮಿಲಿ ಆಂಪಿಯರ್ ಇರಲಿ. 500ರಲ್ಲಿ 2000ದ ಸೆಲ್ ನಾಲ್ಕೂವರೆ, ಐದು ಗಂಟೆ, 1000ದಲ್ಲಿ ಎರಡೂವರೆ. ಇನ್ನೂರಕ್ಕೆ ಇಳಿಸಿದರೆ ಸೆಲ್‌ಗೆ ಒಳ್ಳೆಯದು ಎಂದು ಕೆಲವರು ತಿಳಿದಿದ್ದಾರೆ. ಆದರೆ ಅಷ್ಟು ನಿಧಾನವಾದರೆ ಕೊನೆಯಲ್ಲಿ ವೋಲ್ಟೇಜ್ ತುಸು ಇಳಿಯುವ ಸೂಚನೆ ಚಾರ್ಜರ್‌ಗೆ ಸಿಗುವುದೇ ಇಲ್ಲ, ತುಂಬಿದ ಮೇಲೂ ತುಂಬುತ್ತಲೇ ಇರಬಹುದು. ನಾಳೆ, ನಾಡಿದ್ದು ಬೆನ್ನುಬೆನ್ನಿಗೆ ಮದುವೆ ಇರುವವರಿಗೆ ನಾಲ್ಕು ಸೆಲ್‌ನ ಚಾರ್ಜರ್ ಸಾಲದು, ಎಂಟರದ್ದು ತನ್ನಿ.

ನಮ್ಮ ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಈ ಸೆಲ್‌ಗಳನ್ನು ಚಾರ್ಜ್ ಮಾಡಲು ಹೇಳಿರುವ ಮಿತಿಯೂ 40 ಡಿಗ್ರಿಯೇ. ಮಧ್ಯಾಹ್ನ ತಗಡಿನ ಕೆಳಗೆ ಚಾರ್ಜ್‌ಗೆ ಹಾಕಿದರೆ ಸೆಲ್ ಪೂರ್ತಿ ತುಂಬುವ ಮೊದಲೇ ಕಾದು, ಚಾರ್ಜರ್ 'ಫುಲ್' ಎಂದು ತೋರಿಸಿಬಿಡುತ್ತದೆ. ರಾತ್ರಿ ಹತ್ತರ ಮೇಲೆ, ಕಲ್ಲಿನ ನೆಲದ ಮೇಲೆ, ಫ್ಯಾನ್ ಗಾಳಿ ತಾಗುವಂತೆ ಇಡಿ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಸೆಲ್ ಬಿಟ್ಟು ಊಟಕ್ಕೆ ಹೋಗಬೇಡಿ.

ನಾಲ್ಕು ಸೆಲ್, ಒಂದೇ ಮನೆ

ಒಂದೇ ಪ್ಯಾಕೆಟ್‌ನ ನಾಲ್ಕು ಸೆಲ್ ಕೊನೆಯವರೆಗೂ ಒಟ್ಟಿಗೇ ಇರಬೇಕು. ಮಾರ್ಕರ್‌ನಿಂದ ಅ, ಆ, ಇ ಎಂದು ಸೆಟ್‌ನ ಹೆಸರು, ಕೊಂಡ ತಿಂಗಳು ಬರೆದುಬಿಡಿ. ಸರಣಿಯಲ್ಲಿ ಕೂತ ನಾಲ್ಕರಲ್ಲಿ ಒಂದು ಹಳೆಯದಿದ್ದರೆ ಅದು ಮೊದಲು ಖಾಲಿಯಾಗುತ್ತದೆ. ಉಳಿದ ಮೂರು ಅದರ ಮೂಲಕವೇ ಕರೆಂಟ್ ದೂಡುತ್ತವೆ, ಅದರ ಪ್ಲಸ್ ಮೈನಸ್ ತಿರುಗುಮುರುಗಾಗಿ ಸೆಲ್ ಕೆಡುತ್ತದೆ. ಆದ್ದರಿಂದ ರೆಡಿ ಲೈಟ್ ಬರಲು ಎಂಟು ಹತ್ತು ಸೆಕೆಂಡು ಹಿಡಿದರೆ 'ಇನ್ನೆರಡು ಹೊಡೆಯೋಣ' ಅನ್ನದೆ ಸೆಟ್ ಬದಲಿಸಿ.

ಹೊಸ ಸೆಟ್ ತಂದ ದಿನವೇ ಒಂದು ಅಳತೆ ಬರೆದಿಡಿ: ಪೂರ್ತಿ ಚಾರ್ಜ್ ಮಾಡಿ, ಫುಲ್ ಪವರ್‌ನಲ್ಲಿ ಒಂದು ಸಲ ಹೊಡೆದು ರೆಡಿ ಲೈಟ್‌ಗೆ ಎಷ್ಟು ಸೆಕೆಂಡು ಬೇಕಾಯಿತು ಎಂದು. ಮೂರು ಇದ್ದದ್ದು ಆರಾದ ದಿನ ಆ ಸೆಟ್ ಫ್ಲ್ಯಾಶ್‌ನಿಂದ ನಿವೃತ್ತ. ಟಾರ್ಚಿಗೆ, ಗಡಿಯಾರಕ್ಕೆ ಇನ್ನೂ ವರ್ಷಗಟ್ಟಲೆ ನಡೆಯುತ್ತದೆ. ಕೆಲಸ ಮುಗಿಸಿ ತೆಗೆದಾಗ ನಾಲ್ಕನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಕಳ್ಳ ಅದೇ.

ಸೆಲ್ ಚೆನ್ನಾಗಿದ್ದೂ ಫ್ಲ್ಯಾಶ್ ನಿಧಾನವಾದರೆ ಎರಡು ಕಾರಣ ನೋಡಿ. ಫುಲ್ ಪವರ್‌ನಲ್ಲಿ ಇಪ್ಪತ್ತು ಮೂವತ್ತು ಸಲ ಬಿಡದೆ ಹೊಡೆದರೆ ಫ್ಲ್ಯಾಶ್ ಕಾದು ತಾನೇ ನಿಧಾನ ಮಾಡುತ್ತದೆ, ಹತ್ತು ನಿಮಿಷ ಬಿಡಬೇಕು. ಇನ್ನೊಂದು, ಕಾಂಟ್ಯಾಕ್ಟ್ ಮೇಲಿನ ಧೂಳು. ಒಣ ಹತ್ತಿಯಿಂದ, ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಹಿಂದೆಂದೋ ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕಡ್ಡಿಗೆ ಸುತ್ತಿದ ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಿ. ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಬೇಡಿ. ಸೆಲ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಆಷಾಢದಲ್ಲಿ ಮದುವೆಗಳಿಲ್ಲ. ಸೆಲ್‌ಗಳನ್ನು ಫ್ಲ್ಯಾಶ್‌ನಿಂದ ಹೊರಗೆ ತೆಗೆದು, ನಾಲ್ಕರ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂಪು ಕಪಾಟಿನಲ್ಲಿಡಿ. ಚಿಲ್ಲರೆ ದುಡ್ಡು, ಕೀಲಿಕೈ ಇರುವ ಚೀಲದಲ್ಲಿ ಬಿಡಿಯಾಗಿ ಹಾಕಬೇಡಿ. ಶ್ರಾವಣದ ಮೊದಲ ಕೆಲಸಕ್ಕೆ ಹಿಂದಿನ ರಾತ್ರಿ ಒಮ್ಮೆ ಚಾರ್ಜ್ ಮಾಡಿದರೆ ಸಾಕು.