ಮಹಾಧಮನಿಯ ಉಬ್ಬು, ಉರಿಯೂತ ಮತ್ತು ಜ್ವರ: ನಾನು ನಿಭಾಯಿಸುವ ಬಗೆ

ಕಲಬುರಗಿಯಲ್ಲಿ ಫಿಜಿಷಿಯನ್ ಆಗಿರುವ ನನಗೆ ಹೊಟ್ಟೆಯ ಮಹಾಧಮನಿಯ ಅನ್ಯೂರಿಸಂ, ಅಂದರೆ ಒಡೆಯಬಹುದಾದ ಉಬ್ಬು, ಎದುರಾಗುವುದು ಹೆಚ್ಚಾಗಿ ಮೂತ್ರಪಿಂಡದ ಕಲ್ಲಿಗೋ ಪ್ರಾಸ್ಟೇಟ್ ತೊಂದರೆಗೋ ಮಾಡಿಸಿದ ಸೋನೋಗ್ರಫಿಯಲ್ಲಿ. ಸುಮಾರು 2 ಸೆಂ.ಮೀ. ಅಗಲ ಇರಬೇಕಾದ ಈ ರಕ್ತನಾಳ 3 ಸೆಂ.ಮೀ. ಮುಟ್ಟಿದರೆ ಅದು ಅನ್ಯೂರಿಸಂ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯಿಂದ ಬರುವ ಈ ರೋಗಿಗಳಲ್ಲಿ ಬಹುಪಾಲು ಜನ ಅರವತ್ತು ದಾಟಿದ, ಬೀಡಿಯನ್ನು ಎಂದೂ ಬಿಡದ ಗಂಡಸರು.

ಉಬ್ಬಿದ ನಾಳದ ಭಿತ್ತಿಯೊಳಗೆ ರೋಗನಿರೋಧಕ ವ್ಯವಸ್ಥೆಯೇ ಹಾನಿ ಮಾಡುತ್ತಿರುತ್ತದೆ. ಮ್ಯಾಕ್ರೊಫೇಜ್‌ಗಳೂ ಟಿ ಮತ್ತು ಬಿ ಲಿಂಫೊಸೈಟುಗಳೂ ಸೇರಿದಂತೆ ಬಿಳಿ ರಕ್ತಕಣಗಳು ಅಲ್ಲಿ ಬೀಡುಬಿಡುತ್ತವೆ. ಅವುಗಳಿಂದ ಹೆಚ್ಚುವ ಮೆಟಾಲೊಪ್ರೊಟಿನೇಸ್ ಕಿಣ್ವಗಳು ನಾಳಕ್ಕೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ಎಳೆಗಳನ್ನು ಕರಗಿಸುತ್ತವೆ, ನಯಸ್ನಾಯು ಕೋಶಗಳು ಸಾಯುತ್ತವೆ, ಒಳಗೆ ಹೆಪ್ಪುಗಟ್ಟಿದ ರಕ್ತದ ಪದರದಲ್ಲಿ ಸೇರಿಕೊಂಡ, ಮತ್ತೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಈ ಉರಿಯೂತವನ್ನು ವಿವರಿಸಿದಾಗ ರೋಗಿಯ ಮಗ ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ಬಾವು ಅದ ಅಂದ್ರ ಬಾವು ಇಳ್ಯೋ ಗುಳಿಗಿ ಕೊಡ್ರಿ ಸಾಹೇಬ್ರ."

ಅಂಥ ಗುಳಿಗೆ ಇಲ್ಲ. ಆ ಕಿಣ್ವಗಳನ್ನು ತಡೆಯುವ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಇಲಿಗಳಲ್ಲಿ ಆಸೆ ಹುಟ್ಟಿಸಿತ್ತು. ಆದರೆ 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಸಣ್ಣ ಅನ್ಯೂರಿಸಂ ಇದ್ದವರಿಗೆ ದಿನಕ್ಕೆರಡು ಬಾರಿ 100 ಮಿ.ಗ್ರಾಂ.ನಂತೆ ಎರಡು ವರ್ಷ ಕೊಟ್ಟರೂ ಉಬ್ಬಿನ ಬೆಳವಣಿಗೆ ಕುಗ್ಗಲಿಲ್ಲ. ಆದ್ದರಿಂದ ನಾನು ಅದನ್ನು ಬರೆಯುವುದಿಲ್ಲ. ಬೀಡಿ ಬಿಡಿಸುವುದು, ರಕ್ತದೊತ್ತಡ ಹಿಡಿತಕ್ಕೆ ತರುವುದು, ಹೃದಯದ ರಕ್ಷಣೆಗಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕೊಡುವುದು, 4.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ, ಅದಕ್ಕಿಂತ ಹೆಚ್ಚಿದ್ದರೆ ಮೂರು ತಿಂಗಳಿಗೊಮ್ಮೆ ಅಳೆಯುವುದು, ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ತಲುಪಿದಾಗ ರಕ್ತನಾಳ ಶಸ್ತ್ರವೈದ್ಯರಿಗೆ ಒಪ್ಪಿಸುವುದು, ಇಷ್ಟೇ ನನ್ನ ಪಾಲಿನ ಕೆಲಸ. ಜೊತೆಗೆ, ಭೇದಿಯಾದರೂ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಬೇಡವೆಂದು ಫೈಲಿನ ಮುಖಪುಟದಲ್ಲೇ ಬರೆದಿರುತ್ತೇನೆ. ಆ ಗುಂಪಿನ ಔಷಧಗಳಿಂದ ಮಹಾಧಮನಿ ಸೀಳುವ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ನಮ್ಮಲ್ಲಾದರೋ ಅದು ಚೀಟಿಯಿಲ್ಲದೆಯೂ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕಿಬಿಡುತ್ತದೆ.

ಆದರೆ ಒಂದು ಬಗೆಯ ಉಬ್ಬಿನಲ್ಲಿ ಉರಿಯೂತವನ್ನು ಇಳಿಸುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೆನ್ನುನೋವು, ತೂಕ ಇಳಿಕೆ, ಏರಿದ ಇಎಸ್ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಇದ್ದು, ಸಿಟಿ ಸ್ಕ್ಯಾನಿನಲ್ಲಿ ನಾಳದ ಭಿತ್ತಿ ದಪ್ಪನಾಗಿ ಮೂತ್ರನಾಳಗಳನ್ನು ಎಳೆದುಕೊಂಡಂತೆ ಕಂಡರೆ, ಅದು ಉರಿಯೂತದ ಅನ್ಯೂರಿಸಂ ಇರಬಹುದೆಂದು ಐಜಿಜಿ4 ಎಂಬ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸುತ್ತೇನೆ. ಇಲ್ಲಿ ಸ್ಟೀರಾಯ್ಡ್ ನೋವನ್ನೂ ಮೂತ್ರನಾಳದ ಮೇಲಿನ ಒತ್ತಡವನ್ನೂ ತಗ್ಗಿಸಬಲ್ಲದು. ಗಾತ್ರ ಮಿತಿ ಮೀರಿದ್ದರೆ ಶಸ್ತ್ರಚಿಕಿತ್ಸೆಯನ್ನು ಮಾತ್ರ ತಪ್ಪಿಸದು. ನಾನು ಅತಿ ನಿಧಾನವಾಗಿ ಹೆಜ್ಜೆಯಿಡುವುದು ಇದೇ ಹಂತದಲ್ಲಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಥವಾ ಕ್ಷಯದ ಸೋಂಕಿನಿಂದ ಹುಟ್ಟಿದ ಉಬ್ಬಿಗೂ ಇದೇ ನೋವು, ಇದೇ ಇಎಸ್ಆರ್ ಇರುತ್ತದೆ, ಮತ್ತು ಅದಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ನಾಳ ಒಡೆಯುವ ದಿನವನ್ನು ನಾವೇ ಹತ್ತಿರ ತಂದಂತಾಗುತ್ತದೆ. ಒಂದೇ ಬದಿಗೆ ಚೀಲದಂತೆ ಉಬ್ಬಿದ, ವಾರಗಳಲ್ಲೇ ಬೆಳೆದ ಅನ್ಯೂರಿಸಂ ಕಂಡರೆ, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ವರದಿ ಕೈಸೇರುವ ತನಕ ಮನೆಯವರು ಎಷ್ಟೇ ಅವಸರ ಮಾಡಿದರೂ ನಾನು ಸ್ಟೀರಾಯ್ಡ್ ಮುಟ್ಟುವುದಿಲ್ಲ.

ಇದೇ ನಿರೋಧಕ ಪ್ರತಿಕ್ರಿಯೆಯನ್ನು ಚಿಕಿತ್ಸೆಯಾಗಿ ದುಡಿಸಿಕೊಂಡ ಕಾಲವೂ ಇತ್ತು. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರು ಐನ್‌ಸ್ಟೈನ್ ಅವರ ಉಬ್ಬಿದ ಮಹಾಧಮನಿಗೆ ಸೆಲೊಫೇನ್ ಹಾಳೆ ಸುತ್ತಿದ್ದರು. ಆ ಪರಕೀಯ ವಸ್ತುವಿನ ವಿರುದ್ಧ ದೇಹ ಕಟ್ಟುವ ನಾರಿನ ಕವಚ ನಾಳಕ್ಕೆ ಆಸರೆಯಾಗಲಿ ಎಂಬುದು ಲೆಕ್ಕಾಚಾರ. 1955ರಲ್ಲಿ ಆ ಉಬ್ಬು ಒಡೆಯುವವರೆಗೆ ಐನ್‌ಸ್ಟೈನ್ ಬದುಕಿದ್ದರು.

ಉಬ್ಬಿದ ನಾಳದೊಳಗೆ ಕೂರಿಸುವ, ಹೊದಿಕೆಯಿರುವ ಲೋಹದ ಬಲೆಯ ಕೊಳವೆಯಾದ ಇಂದಿನ ಸ್ಟೆಂಟ್ ಗ್ರಾಫ್ಟ್ ಕೂಡ ದೇಹಕ್ಕೆ ಪರಕೀಯವೇ. ತೊಡೆಯ ಸಂದಿನ ಮೂಲಕ ಅದನ್ನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಹಾಕಿಸಿಕೊಂಡು ಊರಿಗೆ ಮರಳಿದವರಲ್ಲಿ ಕೆಲವರಿಗೆ ಮೊದಲ ದಿನಗಳಲ್ಲೇ ಜ್ವರ ಬರುತ್ತದೆ, ಬಿಳಿ ರಕ್ತಕಣಗಳು 12,000 ದಾಟುತ್ತವೆ, ಉರಿಯೂತವನ್ನು ತೋರಿಸುವ ಸಿಆರ್‌ಪಿ ಏರುತ್ತದೆ. ಪಾಲಿಯೆಸ್ಟರ್ ಗ್ರಾಫ್ಟ್ ಇದ್ದವರಲ್ಲಿ ಇದು ಹೆಚ್ಚು. ಗಾಯ, ಎದೆ, ಮೂತ್ರ ಪರೀಕ್ಷಿಸಿ, ಆಂಟಿಬಯೋಟಿಕ್ ಆರಂಭಿಸುವ ಮೊದಲೇ ಕಲ್ಚರ್ ಕಳುಹಿಸುತ್ತೇನೆ. ಎಲ್ಲಿಯೂ ಸೋಂಕು ಕಾಣದೆ ರೋಗಿ ಊಟ ಮಾಡುತ್ತ, ಓಡಾಡಿಕೊಂಡಿದ್ದರೆ ಪ್ಯಾರಾಸಿಟಮಾಲ್ ಸಾಕು. ಸಾಮಾನ್ಯವಾಗಿ ಅದು ತಾನಾಗಿಯೇ ಇಳಿಯುತ್ತದೆ. ತಿಂಗಳುಗಳು ಕಳೆದ ಮೇಲೆ ಬಂದ ಜ್ವರಕ್ಕೆ ಈ ಸಲುಗೆ ಇಲ್ಲ: ಬೇರೆ ಕಾರಣ ಖಚಿತವಾಗದಿದ್ದರೆ ಗ್ರಾಫ್ಟಿಗೇ ಸೋಂಕು ತಗುಲಿದೆಯೆಂದು ಭಾವಿಸಿ, ಕಲ್ಚರ್ ಮತ್ತು ಸಿಟಿ ಮಾಡಿಸಿ, ಗ್ರಾಫ್ಟ್ ಹಾಕಿದ ವೈದ್ಯರಿಗೆ ಅಂದೇ ಫೋನ್ ಮಾಡುತ್ತೇನೆ.