ಹಸುವೋ ಕಡಸೋ, ಎತ್ತೋ ಹೋರಿಯೋ: ಸರಿಯಾದ ಪದ ಹಿಡಿಯುವ ಬಗೆ

ಕಂಬಳದ ಕೆಸರಲ್ಲಿ ಓಡುವ ಕೋಣಗಳ ಫೋಟೊದ ಕೆಳಗೆ ‘ಎತ್ತುಗಳ ಓಟ’ ಎಂದು ಬರೆದದ್ದು ಕಂಡರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕೊಟ್ಟಿಗೆಯ ಒಂದೊಂದು ಪದವೂ ಆ ಪ್ರಾಣಿಯ ಕುಲ, ವಯಸ್ಸು, ಕೆಲಸವನ್ನು ಹೇಳುತ್ತದೆ. ಕೆಲವು ಪ್ರಶ್ನೆಗಳನ್ನು ಸಾಲಾಗಿ ಕೇಳಿಕೊಂಡರೆ ತಪ್ಪಾಗುವುದಿಲ್ಲ.

ಮೊದಲು ನೋಡಬೇಕಾದ್ದು, ಇದು ದನವೋ ಎಮ್ಮೆಯ ಜಾತಿಯೋ. ಎಮ್ಮೆ ಜಾತಿಯ ಗಂಡು ಕೋಣ. ನೊಗ ಕಟ್ಟಿದರೂ ಅದು ಎತ್ತಾಗುವುದಿಲ್ಲ, ಕೋಣವೇ.

ದನವಾದರೆ, ಹೆಣ್ಣೋ ಗಂಡೋ? ಹೆಣ್ಣಾದರೆ ಕರು ಹಾಕಿದೆಯೇ ಎಂದು ಕೇಳಿ. ಹಾಕಿದ್ದರೆ ಹಸು, ಧಾರವಾಡ, ಬೆಳಗಾವಿ ಕಡೆ ಆಕಳು. ಕರುತನ ದಾಟಿಯೂ ಇನ್ನೂ ಈಯದಿದ್ದರೆ ಕಡಸು, ಉತ್ತರ ಕರ್ನಾಟಕದಲ್ಲಿ ಮಣಕ. ಗಬ್ಬವಾಗಿದ್ದರೂ ಚೊಚ್ಚಲು ಕರು ನೆಲಕ್ಕೆ ಬೀಳುವ ತನಕ ಅದು ಕಡಸೇ. ಕೊಳ್ಳುವವರಿಗೆ ಇದು ದುಡ್ಡಿನ ಮಾತು. ಹಸುವಾದರೆ ‘ಎಷ್ಟನೇ ಸೂಲು (ಹೆರಿಗೆ), ಹೊತ್ತಿಗೆ ಎಷ್ಟು ಲೀಟರ್?’ ಎನ್ನುತ್ತಾರೆ. ಕಡಸಿಗೆ ಆ ಲೆಕ್ಕವೇ ಇಲ್ಲ. ಅದರ ತಾಯಿ ಎಷ್ಟು ಕರೆಯುತ್ತಿತ್ತು ಎಂದು ವಿಚಾರಿಸಬೇಕು.

ಗಂಡಿನ ವಿಷಯದಲ್ಲೇ ಹೆಚ್ಚು ಗೊಂದಲ. ಬೀಜ ಒಡೆಸಿ, ಅಂದರೆ ಮರಿ ಹುಟ್ಟಿಸುವ ಶಕ್ತಿ ಇಲ್ಲದಂತೆ ಮಾಡಿಸಿ, ನೊಗಕ್ಕೆ ಹೂಡಿದ್ದು ಎತ್ತು. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು’ ಎಂಬ ಗಾದೆಗೆ ನಗಬೇಕಾದರೆ ಎತ್ತು ಗಂಡು ಎಂಬುದಾದರೂ ಗೊತ್ತಿರಬೇಕಲ್ಲ! ಬೀಜ ಒಡೆಸದೆ ಬಲಿತು ನಿಂತದ್ದು ಗೂಳಿ. ದೇವರ ಹೆಸರಲ್ಲಿ ಬಿಟ್ಟ ಗೂಳಿ ಬಸವ. ಅದಕ್ಕೆ ನೊಗವಿಲ್ಲ, ಮೇಯಲು ಊರೆಲ್ಲ ಅದರದೇ. ಬೆಂಗಳೂರಿನ ಬಸವನಗುಡಿಯನ್ನು ಯಾರೂ ಎತ್ತಿನಗುಡಿ ಎನ್ನುವುದಿಲ್ಲ.

ಹೋರಿ ಎಂಬ ಪದ ಮಾತ್ರ ಊರಿಂದ ಊರಿಗೆ ಜರುಗುತ್ತದೆ. ಸಾಮಾನ್ಯವಾಗಿ ಪ್ರಾಯಕ್ಕೆ ಬಂದ, ಬೀಜ ಒಡೆಸದ ಗಂಡು. ತಳಿಗೆಂದು ಇಟ್ಟುಕೊಂಡರೆ ಬೀಜದ ಹೋರಿ. ಹಾವೇರಿಯ ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವುದೂ ಹೋರಿಯೇ. ಹಳೇ ಮೈಸೂರಿನ ಜಾತ್ರೆಗಳಲ್ಲಿ ಹಳ್ಳಿಕಾರ್ ತಳಿಯ ಎಳೆಯ ಜೋಡಿಯನ್ನೂ ‘ಹೋರಿಗಳು’ ಎಂದೇ ಕೂಗುತ್ತಾರೆ. ಹಾಗಾಗಿ ಹೋರಿ ಎಂದ ಕೂಡಲೇ ಬೀಜ ಒಡೆಸಿದೆಯೇ ಎಂದು ಕೇಳಿಬಿಡುವುದೇ ಒಳ್ಳೆಯದು.

ಇನ್ನು ವಯಸ್ಸು. ಜಾತ್ರೆಯಲ್ಲಿ ಬಲ್ಲವರು ಮೂಗುದಾರ ಹಿಡಿದು, ಹೆಬ್ಬೆರಳಲ್ಲಿ ಕೆಳದುಟಿ ಸರಿಸಿ ನೋಡುತ್ತಾರೆ. ದನಕ್ಕೆ ಮೇಲೆ ಮುಂದಿನ ಹಲ್ಲಿಲ್ಲ. ಕೆಳಗಿನ 8 ಹಲ್ಲುಗಳೇ ಲೆಕ್ಕ. ಎಲ್ಲ ಸಣ್ಣವಿದ್ದರೆ ಹಾಲುಹಲ್ಲು. ಸುಮಾರು 2 ವರ್ಷಕ್ಕೆ ನಡುವಿನ ಎರಡು ಬಿದ್ದು ಅಗಲವಾದ ಹೊಸ ಹಲ್ಲು ಬಂದರೆ ‘ಎರಡು ಹಲ್ಲು’. ಆಮೇಲೆ ನಾಲ್ಕು, ಆರು. ಎಂಟೂ ಬಂದರೆ ‘ಬಾಯಿ ಕೂಡಿದೆ’ ಎನ್ನುತ್ತಾರೆ. ಆಗ ವಯಸ್ಸು 4 ದಾಟಿರುತ್ತದೆ.

ಕೊನೆಗೆ ಗುಂಪಿನ ಹೆಸರು. ಹೆಣ್ಣು ಗಂಡು ಬಿಡಿಸಿ ಹೇಳಬೇಕಿಲ್ಲದಾಗ ದನ. ತಲೆ ಎಣಿಸುವಾಗ, ವ್ಯಾಪಾರ ಅಥವಾ ವಿಮೆಯ ಮಾತಲ್ಲಿ ರಾಸು. ಜಾನುವಾರು ಇವೆಲ್ಲಕ್ಕಿಂತ ಅಗಲ. ಅರ್ಜಿಯಲ್ಲಿ ಆ ಪದವಿದ್ದರೆ ಹಿತ್ತಲಲ್ಲಿ ಕಟ್ಟಿದ ಕುರಿ, ಮೇಕೆಯನ್ನೂ ಸೇರಿಸಿ ಬರೆಯಿರಿ.