ಹಳ್ಳಿಯಲ್ಲಿ ಮನೆ ಕಟ್ಟಲು ಪಂಚಾಯಿತಿ ಪರವಾನಗಿ: ನಾನು ಮಾಡಿಸಿದ ರೀತಿ

ನಮ್ಮೂರು ತುಮಕೂರು ಜಿಲ್ಲೆಯದು. ಊರೊಳಗಿನ ಹಳೇ ಹೆಂಚಿನ ಮನೆ ಬಿಚ್ಚಿಸಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆವು. "ಹಳ್ಳೀಲಿ ಯಾರು ಕೇಳ್ತಾರೆ, ಸುಮ್ನೆ ಪಾಯ ತೆಗೆಸು" ಅಂದವರೇ ಜಾಸ್ತಿ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಬ್ಯಾಂಕ್ ಸಾಲ ಬೇಕು ಅಂದರಂತೂ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಎಲ್ಲರೂ ಮೊದಲು ಎಂಜಿನಿಯರ್ ಹತ್ತಿರ ಓಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಪ್ಲಾನ್ ಬರೆಸುವುದು ಸುಲಭ. ಜಾಗದ ದಾಖಲೆ ಸರಿ ಮಾಡಿಸಿಕೊಳ್ಳುವುದರಲ್ಲೇ ಮುಕ್ಕಾಲು ಕೆಲಸ ಇದೆ.

ನಮ್ಮ ಜಾಗ ಗ್ರಾಮಠಾಣಾ ಒಳಗಿದೆ, ಅಂದರೆ ಊರಿನ ವಾಸಕ್ಕೆ ಅಂತ ಗುರುತಿಸಿದ ಜಾಗದಲ್ಲಿ. 2013ರಿಂದ ಇಂಥ ಆಸ್ತಿಗಳಿಗೆ ಇ-ಸ್ವತ್ತು ಎಂಬ ಕಂಪ್ಯೂಟರ್ ಖಾತೆ ಬಂದಿದೆ, ಅಂದರೆ ಫಾರಂ 9 (ಆಸ್ತಿಯ ವಿವರ) ಮತ್ತು ಫಾರಂ 11ಎ (ಅದರ ತೆರಿಗೆಯ ವಿವರ). ಮೊದಲಿದ್ದ ಕೈಬರಹದ ಖಾತೆ ಈಗ ನಡೆಯುವುದಿಲ್ಲ. ಕೆಲವರ ಕೈಯಲ್ಲಿ ಫಾರಂ 11ಬಿ ಇರುತ್ತದೆ. ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ. ಕೃಷಿ ಜಮೀನನ್ನು ವಾಸಕ್ಕೆ ಬದಲಿಸುವ ಪರಿವರ್ತನೆ ಅಥವಾ ಬಡಾವಣೆ ಅನುಮೋದನೆ ಸರಿಯಾಗಿ ಇಲ್ಲದ ಜಾಗಗಳಿಗೆ 11ಬಿ ಕೊಡುತ್ತಾರೆ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ಒಪ್ಪುವುದು ಕಷ್ಟ. ಸೈಟ್ ಕೊಳ್ಳುವಾಗಲೇ ಯಾವ ಫಾರಂ ಅಂತ ನೋಡಿಕೊಳ್ಳಿ.

ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು. ನಮ್ಮ ತಂದೆ ಮತ್ತು ಚಿಕ್ಕಪ್ಪ ಹಿಂದೆ ಹಿರಿಯರ ಎದುರು ಪಾರೀಕತ್ತು (ಪಾಲು ಹಂಚಿಕೆ ಪತ್ರ) ಬರೆಸಿಕೊಂಡಿದ್ದರು, ರಿಜಿಸ್ಟರ್ ಮಾಡಿಸಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ ಮಾಡಿಸೋಣ ಅಂದರೆ ಅಲ್ಲಿ ಫಾರಂ 9 ಕೇಳುತ್ತಾರೆ. ಹಾಗಾಗಿ ಕ್ರಮ ಹೀಗಾಯಿತು. ಮೊದಲು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ. ಅದರ ಮೇಲೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ, ಆಮೇಲೆ ಜಂಟಿ ಹೆಸರಿನಲ್ಲೇ ಫಾರಂ 9. ಅದಾದ ಮೇಲೆ ರಿಜಿಸ್ಟರ್ ವಿಭಾಗ ಪತ್ರ, ಕೊನೆಗೆ ನನ್ನ ಹೆಸರಿಗೆ ಖಾತೆ. ಅತ್ತೆಯಂದಿರ ಸಹಿಯನ್ನೂ ಹಾಕಿಸಿದೆವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಅವರನ್ನು ಬಿಟ್ಟು ಮಾಡಿದ ಕಾಗದ ನಿಲ್ಲುವುದಿಲ್ಲ. ದೊಡ್ಡತ್ತೆ ಊರಿಗೆ ಬಂದು ಎಲ್ಲ ಕೇಳಿ ತಿಳಿದುಕೊಂಡು "ನಮ್ಮಪ್ಪನ ಜಾಗದಲ್ಲಿ ಮನೆ ಏಳುತ್ತೆ ಅಂದ್ರೆ ನನಗೂ ಖುಷಿನೇ ಕಣಪ್ಪ" ಅಂತ ಸಹಿ ಹಾಕಿದರು. ಇಂಥ ಮಾತು ಮನೆಯವರೆಲ್ಲ ಕೂತು ಮೊದಲೇ ಆಡಿಕೊಳ್ಳುವುದು ಒಳ್ಳೆಯದು. ಪಾಯ ತೆಗೆದ ಮೇಲೆ ಶುರುವಾದರೆ ಕೋರ್ಟಿಗೇ ಹೋಗುತ್ತದೆ.

ಫಾರಂ 9ಕ್ಕೆ ಸರ್ವೇ ಇಲಾಖೆಯ ನಕ್ಷೆ ಬೇಕು. ಸರ್ವೇಯರ್ ಬರುವ ದಿನ ನಾಲ್ಕೂ ಕಡೆಯ ಅಕ್ಕಪಕ್ಕದವರನ್ನು ನಾನೇ ಹೋಗಿ ಕರೆದಿದ್ದೆ. ಹಳೇ ಖಾತೆಯ ಚೆಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ) "ಪೂರ್ವಕ್ಕೆ ಓಣಿ, ಉತ್ತರಕ್ಕೆ ಬಡಿಗೇರ ಮನೆ" ಅಂತ ಇತ್ತು. ಬಡಿಗೇರ ಮನೆ ಮಾರಾಟವಾಗಿ ಎಷ್ಟೋ ಕಾಲವಾಗಿದೆ. ಟೇಪ್ ಹಿಡಿದು ಅಳೆದರೆ ಉತ್ತರ-ದಕ್ಷಿಣ ಕಾಗದದಲ್ಲಿ 40 ಅಡಿ, ನೆಲದ ಮೇಲೆ 38. ಪಕ್ಕದ ಮನೆ ಅಜ್ಜ ಮೂಲೆಯ ಚಪ್ಪಡಿ ಕಲ್ಲು ತೋರಿಸಿ "ಇದು ನಮ್ಮಪ್ಪನ ಕಾಲದ್ದು" ಅಂದರು. ನಾನು 38ಕ್ಕೇ ಒಪ್ಪಿದೆ. ನಕ್ಷೆಯಲ್ಲಿ ನೆಲದಲ್ಲಿದ್ದ ಅಳತೆ, ಈಗಿನ ನೆರೆಯವರ ಹೆಸರು ಬಂತು. ಎರಡು ಅಡಿಗೆ ಹಟ ಹಿಡಿದಿದ್ದರೆ ತಕರಾರು ಅರ್ಜಿ ಬೀಳುತ್ತಿತ್ತು, ಖಾತೆ ಅಲ್ಲಿಗೇ ನಿಲ್ಲುತ್ತಿತ್ತು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಡಿಜಿಟಲ್ ಸಹಿ ಬಿದ್ದು ಫಾರಂ 9 ಕೈಗೆ ಬಂದಾಗ ಅರ್ಧ ಮನೆ ಕಟ್ಟಿದಷ್ಟು ನೆಮ್ಮದಿ ಆಯಿತು.

ಆಮೇಲೆ ಎಂಜಿನಿಯರ್ ಹತ್ತಿರ ಹೋದೆ. ಆ ನಕ್ಷೆಯ ಅಳತೆಗೇ ಪ್ಲಾನ್ ಬರೆಯಿರಿ ಅಂದೆ. ಕಿಟಕಿ ತೆರೆಯುವ ಕಡೆ ಜಾಗ ಬಿಟ್ಟೆವು, ಸಜ್ಜಾ ಓಣಿಯ ಮೇಲೆ ಚಾಚದಂತೆ ನೋಡಿಕೊಂಡೆವು. ಶೌಚದ ಗುಂಡಿ ಎಲ್ಲಿ, ಪಕ್ಕದವರ ಬಾವಿ ಎಲ್ಲಿ ಅನ್ನುವುದನ್ನೂ ಪ್ಲಾನ್‌ನಲ್ಲೇ ತೋರಿಸಿ. ಹೆದ್ದಾರಿ ಪಕ್ಕದ ಜಾಗವಾದರೆ ಇನ್ನೊಂದು ವಿಷಯ ಗೊತ್ತಿರಲಿ: ಬಿಡಬೇಕಾದ ಅಂತರವನ್ನು ರಸ್ತೆಯ ಅಂಚಿನಿಂದ ಅಲ್ಲ, ಮಧ್ಯದಿಂದ ಅಳೆಯುತ್ತಾರೆ.

ಅರ್ಜಿಗೆ ಲಗತ್ತಿಸಿದ್ದು ಫಾರಂ 9, 11ಎ, ಆ ವರ್ಷದ ಕಂದಾಯ ರಸೀದಿ, ಪ್ಲಾನ್, ಗುರುತಿನ ಚೀಟಿ. ಪರವಾನಗಿ ಶುಲ್ಕದ ಜೊತೆ ಕಾರ್ಮಿಕ ಸೆಸ್ ಅಂತ ಒಂದು ಬರುತ್ತದೆ. ಇದು ಮೊದಲು ಬಂದದ್ದು 1996ರ ಕಾನೂನಿನಿಂದ. ಕಟ್ಟಡದ ವೆಚ್ಚದ ಶೇ 1ರಷ್ಟು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. ಆ ಕಾನೂನಿನಲ್ಲಿ ಸ್ವಂತ ವಾಸಕ್ಕೆ 10 ಲಕ್ಷದೊಳಗೆ ಕಟ್ಟುವ ಮನೆಗೆ ಅದು ಇರಲಿಲ್ಲ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಸೆಸ್ ಬಂದರೆ ಸಂತೋಷದಿಂದಲೇ ಕಟ್ಟಿ. ನಮ್ಮ ಗಾರೆ ಕೆಲಸದವರು ಎಷ್ಟೋ ಜನಕ್ಕೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡೇ ಇರಲಿಲ್ಲ, ಮಾಡಿಸಿಕೊಳ್ಳಲು ನಾನೇ ಹೇಳಿದೆ. ಏನೇ ಹಣ ಕೊಟ್ಟರೂ ರಸೀದಿ ಪಡೆಯಿರಿ. ಅರ್ಜಿ ಕೊಟ್ಟದ್ದಕ್ಕೂ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ, ಬಾಯಿಮಾತಿನ ಅರ್ಜಿಗೆ ಬೆಲೆ ಇಲ್ಲ.

ಹೊಲದಲ್ಲಿ ಕಟ್ಟುವವರ ದಾರಿ ಬೇರೆ. ಅಲ್ಲಿ ಪಂಚಾಯಿತಿಗೆ ಮೊದಲು ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣ ಬರುತ್ತದೆ, ಪರಿವರ್ತನೆಗೆ ಅರ್ಜಿ ಜಿಲ್ಲಾಧಿಕಾರಿಗಳಿಗೆ. ರೈತ ತನ್ನ ಜಮೀನಿನಲ್ಲಿ ಮಿತಿಯೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಅದರಲ್ಲೇ ಅವಕಾಶ ಇದೆ.

ಪರವಾನಗಿ ಕೈಗೆ ಬಂದ ಮೇಲೆ ಅದರ ಷರತ್ತು ಮತ್ತು ಅವಧಿ ಓದಿ, ಒಂದು ಜೆರಾಕ್ಸ್ ಮೇಸ್ತ್ರಿಗೂ ಕೊಡಿ. ತಾತ್ಕಾಲಿಕ ಕರೆಂಟ್‌ಗೂ ಅದನ್ನೇ ಕೊಟ್ಟೆ. ಮನೆ ಮುಗಿದ ಮೇಲೆ ಪಂಚಾಯಿತಿಗೆ ಅರ್ಜಿ ಕೊಟ್ಟು ಹೊಸ ಕಟ್ಟಡದ ಅಳತೆಯನ್ನು 11ಎಯಲ್ಲಿ ಸೇರಿಸಿಸಿ. ಇಲ್ಲದಿದ್ದರೆ ದಾಖಲೆಯಲ್ಲಿ ಹಳೇ ಹೆಂಚಿನ ಮನೆಯೇ ಉಳಿಯುತ್ತದೆ, ಮುಂದೆ ಸಾಲಕ್ಕೋ ಖಾತೆ ಬದಲಾವಣೆಗೋ ಹೋದಾಗ ಮತ್ತೆ ಮೊದಲಿನಿಂದ ಅಲೆಯಬೇಕು.